ಪಣಕಹಳ್ಳಿಯ ಮೈಕ್ ಪೆಟ್ಟಿಗೆ ಮೂಕಾದದ್ದು

ಸೋಮವಾರ ಬೆಳಿಗ್ಗೆ ನಾನು ನಂಜುಂಡಮ್ಮನವರ ಜಗಲಿಯಲ್ಲಿ ಕುಳಿತು ರಾಗಿ ಕೇರುತ್ತಿದ್ದೆ. ಗಾಡಿ ಹೊಡೆಯುವ ಚಿಕ್ಕಬೀರಯ್ಯ ಏದುಸಿರು ಬಿಡುತ್ತಾ ಬಂದು ಮುಂದೆ ನಿಂತ.

"ರಾಚಕ್ಕ, ನಿನ್ ತಮ್ಮನ್ನ ಪಣಕಳ್ಳಿಲಿ ಇಡ್ಕೊಂಡವ್ರೆ ಕಣಕ್ಕ! ಪೊಲೀಸ್ ಏಟಯ್ಯ ಬಂದವ್ನೆ. ಸಂಜೆ ಐದ್ಗಂಟೆ ಬಸ್ಸಲ್ಲಿ ಸತ್ಯಮಂಗಲಕ್ಕ ಕರ್ಕೊಂಡೋಯ್ತಾರಂತೆ."

ಮೊರ ಕೈಯಿಂದ ಜಾರಿ ರಾಗಿಯೆಲ್ಲ ಚೆಲ್ಲಿತು. ನನಗಿದ್ದವನು ಬಿಳಿಗಿರಿಯೊಬ್ಬನೇ ತಮ್ಮ. ತಾಯಿ ಸತ್ತ ಮೇಲೆ ನಾನೇ ಸಾಕಿದವನು.

"ಏನಂತೆ ತಪ್ಪು?" ಒಳಗಿನಿಂದ ನಂಜುಂಡಮ್ಮನವರ ದನಿ ಬಂತು.

"ಸಿದ್ದಮಲ್ಲಪ್ಪೋರ ಮೈಕ್ ಪೆಟ್ಟಿಗೆ ಒಳಗಿಂದ ಒಸ ಬುಡ್ಡಿ ಕದ್ದು, ಸತ್ತೋದ ಬುಡ್ಡಿ ಇಟ್ಟವ್ನೆ ಅಂತಾರೆ ಕಣವ್ವ."

ನಾನು ಚೆಲ್ಲಿದ ರಾಗಿಯನ್ನು ಬಾಚುತ್ತಲೇ ಇದ್ದೆ. ಏನು ಮಾಡುತ್ತಿದ್ದೇನೆಂಬ ಅರಿವೂ ನನಗಿರಲಿಲ್ಲ. ನಂಜುಂಡಮ್ಮನವರು ಹೊರಗೆ ಬಂದು ನನ್ನ ಕೈ ಹಿಡಿದು ಎಬ್ಬಿಸಿದರು. "ರಾಗಿ ಕೋಳಿ ತಿನ್ಲಿ ಬುಡು ರಾಚಿ. ನನ್ ಚೀಲ ತಕ್ಕೊ. ಸಂಜೆ ತನಕ ಒತ್ತು ಅದೆ."

ನಂಜುಂಡಮ್ಮನವರು ತಾಳವಾಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದು ನಿವೃತ್ತರಾದವರು. ತಾಳಮಲೆಯಿಂದ ಹಾಸನೂರಿನ ತನಕ ಅವರು ಹೊಕ್ಕದ ಮನೆಯಿಲ್ಲ. ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಮೇಲೆ ಸುಳ್ಳು ಅಪವಾದ ಬಂದರೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಅವರ ಚೀಲ ಹೊತ್ತು ಹಿಂದೆ ನಡೆಯುವವಳು. ಮೂವತ್ತೆಂಟನೆಯ ವಯಸ್ಸಿನಲ್ಲಿ ಸಂಜೆ ಶಾಲೆಯಲ್ಲಿ ಕೂರಿಸಿ ನನಗೆ ಅಕ್ಷರ ಕಲಿಸಿದವರೂ ಅವರೇ. ಈ ಪೆಟ್ಟಿಗೆಯ ಗಲಾಟೆ ನಡೆದದ್ದು ಐವತ್ತೇಳನೆಯ ಇಸವಿಯಲ್ಲಿ.

ಗಾಡಿಯಲ್ಲಿ ಕುಳಿತ ಮೇಲೆ ಅವರು, "ಆ ಪೆಟ್ಟಿಗೆ ಕತೆ ಮೊದಲಿಂದ ಏಳು" ಅಂದರು. ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ.

ಹಾಸನೂರಿನಾಚೆ ಕಾಫಿ ತೋಟ ಮಾಡಿಕೊಂಡಿದ್ದ ಬಿಳಿ ದೊರೆಯೊಬ್ಬ ಗಿಟಾರ್ ಎಂಬ ತಂತಿವಾದ್ಯ ನುಡಿಸುತ್ತಿದ್ದ. ಅದರ ದನಿ ದೊಡ್ಡದಾಗಿ ಕೇಳಲೆಂದು ಸೀಮೆಯಿಂದ ತರಿಸಿದ್ದ ಆಂಪ್ಲಿಫೈಯರ್ ಪೆಟ್ಟಿಗೆ ಅದು. ಅವನು ತೋಟ ಮಾರಿ ಹೋಗುವಾಗ ಪಣಕಹಳ್ಳಿಯ ಸಿದ್ದಮಲ್ಲಪ್ಪನವರು ಕೊಂಡರು. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಬಿಳಿಗಿರಿ ಲಾರಿ ಬ್ಯಾಟರಿಯಲ್ಲಿ ಓಡುವಂತೆ ಅದನ್ನು ಮಾರ್ಪಡಿಸಿಕೊಟ್ಟ. ಮದುವೆ, ನಾಟಕ, ಪುರಾಣ ಎಲ್ಲಕ್ಕೂ ಅದೇ ಪೆಟ್ಟಿಗೆ. ಅದನ್ನು ನಡೆಸುವವನು ಸಿದ್ದಮಲ್ಲಪ್ಪನವರ ಸೋದರಳಿಯ ಜಡೆಸ್ವಾಮಿ.

ದೀಪಾವಳಿಯಿಂದೀಚೆಗೆ ಪೆಟ್ಟಿಗೆಗೆ ಒಂದು ಕಾಯಿಲೆ ಹತ್ತಿತ್ತು. ಸಭೆಯಲ್ಲಿ ಇಪ್ಪತ್ತು ನಿಮಿಷ ಚೆನ್ನಾಗಿ ಮಾತಾಡುವುದು, ಆಮೇಲೆ ಮೂಕಾಗುವುದು. ಗಾಡಿಗೆ ಹಾಕಿ ಬಿಳಿಗಿರಿಯ ಅಂಗಡಿಗೆ ತಂದರೆ ದಿನವಿಡೀ ಹಾಡುವುದು. ನನ್ನ ತಮ್ಮ ಅದರೊಳಗಿನ ಒಂದೊಂದು ಬಿಡಿಭಾಗವನ್ನೂ ಬದಲಿಸಿದ. ಊಟ ಬಿಟ್ಟ. "ಇದು ನನ್ ಮುಂದೆ ಸುಳ್ಳು ನಾಟಕ ಆಡ್ತದೆ ಕಣಕ್ಕ. ಕಾಯಿಲೆ ಕಾಣುಸ್ಕೊಳ್ದೆ ಇರೋ ರೋಗೀನ ಎಂಗೆ ನೋಡ್ಲಿ?" ಎಂದು ತಲೆ ಚಚ್ಚಿಕೊಳ್ಳುತ್ತಿದ್ದ. ಪ್ರತಿ ಸಲ ಮುಚ್ಚಳ ಬಿಚ್ಚಿದಾಗ ಅಡಿಯ ತೂತುಗಳಿಂದ ಕರೀ ಉಣ್ಣೆ ಎಳೆಯುತ್ತಾ, "ಇದ್ರೊಳಗೆ ಕುರಿ ಸಾಕವ್ರಾ?" ಎಂದು ಬೈಯುತ್ತಿದ್ದ.

ಮೂರು ವಾರದ ಹಿಂದೆ ಕೊಯಮತ್ತೂರಿನಿಂದ ಎರಡು ದೊಡ್ಡ ಹೊಸ ವಾಲ್ವು ತಂದು, ಪಣಕಹಳ್ಳಿಯಲ್ಲಿ ಅವರ ಮನೆಯಲ್ಲೇ ಕುಳಿತು ಹಾಕಿಕೊಟ್ಟ. ವಾಲ್ವೆಂದರೆ ಒಳಗೆ ಕೆಂಡದಂತೆ ಉರಿಯುವ ಗಾಜಿನ ಬುಡ್ಡಿ. ಆದರೂ ಅದೇ ವಾರ ಪೆಟ್ಟಿಗೆ ಮತ್ತೆ ಮೂಕಾಯಿತು. ಮತ್ತೆ ಹತ್ತು ದಿನ ಅವನ ಅಂಗಡಿಯಲ್ಲಿತ್ತು. ಶನಿವಾರ ವಾಪಸು ಹೋಯಿತು. ಭಾನುವಾರ ಪಣಕಹಳ್ಳಿ ಶಾಲೆಯ ಹೊಸ ಕೋಣೆಯ ಆರಂಭ.

"ನೆನ್ನೆ ಏನಾಯ್ತು?" ಎಂದು ನಂಜುಂಡಮ್ಮನವರು ಚಿಕ್ಕಬೀರಯ್ಯನನ್ನು ಕೇಳಿದರು.

"ಮೇಷ್ಟ್ರು ಸೆಂದಾಗಿ ಮಾತಾಡ್ತಿದ್ರು ಕಣವ್ವ. ಸಾಲೆ ಇನ್‌ಸ್ಪೆಕ್ಟ್ರು ಎದ್ದು ನಿಂತ್ರು, ಪೆಟ್ಟಿಗೆ ಸತ್ತೋಯ್ತು. ಜಡೆಸ್ವಾಮಿ ಪಕ್ಕದ ಕ್ವಾಣೆಗೆ ಎತ್ಕೊಂಡೋಗಿ ಏನೇನೋ ಮಾಡ್ದ. ಆಗ್ನಿಲ್ಲ. ಯಜಮಾನ್ರ ಮಕ ನೋಡಂಗಿರ್ನಿಲ್ಲ. ಇವತ್ತು ಬೆಳ್ಗೆ ನಾಕ್ ಜನರ ಮುಂದೆ ಬಿಚ್ಚಿದ್ರು. ಒಂದು ಬುಡ್ಡಿ ಒಳಗೆ ತಂತೀನೆ ಕಡ್ದೋಗಿತ್ತು. ಅದು ಅಳೇದು."

"ನೆನ್ನೆ ಬಿಳಿಗಿರಿ ಅಲ್ಲಿದ್ನಾ?"

"ಇಲ್ಲ ಕಣವ್ವ. ಇವತ್ತು ಬೆಳ್ಗೆ ನಾನೇ ಕರ್ಕೊಂಡೋಗಿದ್ದು." ಅವನು ಎತ್ತಿನ ಬಾಲ ತಿರುಚಿದ. ಆಮೇಲೆ ಮೆಲ್ಲಗೆ, "ನನ್ ಮ್ಯಾಲೂ ಕಣ್ಣದೆ. ಗಾಡೀಲಿ ತರಾಗ ನಾನೇ ಕದ್ದಿರ್ಬೋದು ಅಂತ" ಅಂದ.

ಪಣಕಹಳ್ಳಿಯಲ್ಲಿ ಸಿದ್ದಮಲ್ಲಪ್ಪನವರ ಮನೆಯ ಮುಂದೆ ಜನ ನೆರೆದಿದ್ದರು. ಬಿಳಿಗಿರಿ ಕಂಬಕ್ಕೊರಗಿ ನೆಲದ ಮೇಲೆ ಕುಳಿತಿದ್ದ. ಅವನ ಬೆಸುಗೆ ಕಡ್ಡಿ, ತಿರುಪುಳಿ ಎಲ್ಲವನ್ನೂ ಕಿತ್ತು ಏಟಯ್ಯನ ಪಕ್ಕದಲ್ಲಿ ರಾಶಿ ಹಾಕಿದ್ದರು. ನಮ್ಮ ಕಡೆ ಹೆಡ್ ಕಾನ್‌ಸ್ಟೇಬಲ್ಲನ್ನು ಏಟಯ್ಯ ಎನ್ನುತ್ತೇವೆ.

"ಅಕ್ಕ, ನಾನು ಮಾಡಿಲ್ಲ" ಅಂದ ತಮ್ಮ. ನಾನು ಹೋಗಿ ಅವನ ಭುಜದ ಮೇಲೆ ಕೈಯಿಟ್ಟೆ.

"ಬನ್ನಿ ಅವ್ವ" ಎಂದರು ಸಿದ್ದಮಲ್ಲಪ್ಪ. ಕೆಟ್ಟ ಮನುಷ್ಯರೇನಲ್ಲ, ಆದರೆ ಊರ ಮುಂದೆ ಮಾನ ಹೋದ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನೀವೇ ನ್ಯಾಯ ಏಳಿ. ಅತ್ತು ದಿನ ಪೆಟ್ಟಿಗೆ ಇದ್ದದ್ದು ಇವನತ್ರ. ಒಸದು ಕಿತ್ಕೊಂಡು ಅಳೇದು ತುರುಕವ್ನೆ. ಅದು ಇಪ್ಪತ್ತು ನಿಮಿಷ ಉರಿದು ಪ್ರಾಣ ಬುಟ್ಟದೆ."

"ಕೇಸು ಎಳುದಿಯಾಚ್ಚು ಅಮ್ಮಾ, ಬರೆದಾಗಿದೆ" ಎಂದ ಏಟಯ್ಯ, ಅರ್ಧ ತಮಿಳಿನಲ್ಲಿ. "ಐದು ಮಣಿಗೆ ಬಸ್ಸು."

"ಬಸ್ಸು ಬರೋ ತನಕ ನೋಡ್ಬೋದಲ್ಲಪ್ಪ" ಎಂದು ನಂಜುಂಡಮ್ಮನವರು ಪೆಟ್ಟಿಗೆಯ ಮುಂದೆ ಕುಳಿತರು. ಮುಚ್ಚಳ ತೆಗೆದೇ ಇತ್ತು. ಎರಡು ದೊಡ್ಡ ವಾಲ್ವುಗಳ ಮೇಲೂ ಮೂರು ಗೆರೆ ವಿಭೂತಿ ಇತ್ತು.

ಸಿದ್ದಮಲ್ಲಪ್ಪನವರ ಹೆಂಡತಿ ಪುಟ್ಟಬಸಮ್ಮ ಬಾಗಿಲ ಬಳಿ ನಿಂತಿದ್ದರು. "ನಾನೇ ಇಟ್ಟಿದ್ದು ಕಣವ್ವ. ಮನೆಗ ಏನೇ ಒಸದು ಬಂದ್ರೂ ಇಬೂತಿ ಇಡ್ದೆ ಒಳಕ್ಕ ಬುಡಲ್ಲ. ಆ ಎರಡು ಬುಡ್ಡಿಗೂ ನೀರಲ್ಲಿ ಕಲಸಿ ಇಟ್ಟಿದ್ದೆ. ಆಮೇಲೆ ಬಿಳಿಗಿರಿ ಒಳಗೆ ಸಿಗಿಸ್ದ."

"ಅದಕ್ಕೂ ಮುಂಚೆ ಇದ್ದ ಅಳೇ ಬುಡ್ಡಿಗೆ?"

"ಅವು ಪೆಟ್ಟಿಗೆ ಒಳಗೇ ಬಂದವು. ನನ್ ಕಣ್ಗೇ ಬಿದ್ದಿರ್ನಿಲ್ಲ."

ನಂಜುಂಡಮ್ಮನವರು ಬೆರಳು ಒದ್ದೆ ಮಾಡಿಕೊಂಡು ಮೊದಲ ವಾಲ್ವನ್ನು ಉಜ್ಜಿದರು. ಅದರ ವಿಭೂತಿ ಕಂದು ತಿರುಗಿತ್ತು. ಉಗುರಲ್ಲಿ ಕೆರೆದರೂ ಏಳಲಿಲ್ಲ. ಎರಡನೆಯದನ್ನು ಉಜ್ಜಿದರು. ಬೆಳ್ಳಗಿದ್ದ ಗೆರೆ ಬೆರಳಿಗೇ ಬಂತು. ಅವರು ಬೆರಳನ್ನು ಮೂಸಿ, ಸೆರಗಿಗೆ ಒರೆಸಿಕೊಂಡು, ನನ್ನ ತಮ್ಮನ ಕಡೆ ತಿರುಗಿದರು.

"ಬಿಳಿಗಿರಿ, ತೆಗೆದ ಅಳೇ ಬುಡ್ಡಿಗಳ್ನ ಏನ್ ಮಾಡ್ದೆ?"

"ಒಸದು ಬಂದ ರಟ್ಟಿನ ಡಬ್ಬೀಲೇ ಆಕಿ ಇವರಿಗೇ ಕೊಟ್ಟೆ ಅವ್ವ. ತೆಗೆದ ಸಾಮಾನ್ನ ನಾನು ಯಾವತ್ತೂ ಇಟ್ಕೊಳಲ್ಲ. ಒಂದು ಪೂರಾ ಸತ್ತಿತ್ತು. ಇನ್ನೊಂದಕ್ಕ ಅರ್ಧ ಜೀವ ಇತ್ತು."

ಪುಟ್ಟಬಸಮ್ಮ ಗೂಡಿನಿಂದ ಡಬ್ಬಿ ತಂದರು. ಅದರಲ್ಲಿದ್ದದ್ದು ಒಂದೇ. "ನೋಡುದ್ರಾ?" ಎಂದು ಜಡೆಸ್ವಾಮಿ ಮುಂದೆ ಬಂದ. ಮೂವತ್ತರ ಆಳು, ಹೆಗಲ ಮೇಲಿನ ಟವಲನ್ನು ಬಲಗೈಗೆ ಸುತ್ತಿಕೊಂಡಿದ್ದ. "ಒಂದೇ ಕೊಟ್ಟು ಇನ್ನೊಂದ ಆವತ್ತೇ ಇಟ್ಕೊಂಡವ್ನೆ ಕಣವ್ವ, ಕಳ್ಳ."

"ನಾನು ಎಣಿಸಿ ನೋಡ್ನಿಲ್ಲ" ಎಂದು ಪುಟ್ಟಬಸಮ್ಮ ತಲೆ ತಗ್ಗಿಸಿದರು.

ಬಿಳಿಗಿರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮಧ್ಯಾಹ್ನವಾಯಿತು. ಯಾರ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಮನೆಯಲ್ಲಿ ಬಂದವರನ್ನು ಉಪವಾಸ ಕಳಿಸುವುದಿಲ್ಲ. ಹಬೆಯಾಡುವ ಮುದ್ದೆ, ಅವರೆಕಾಳು ಸಾರು. ನಂಜುಂಡಮ್ಮನವರು ಅಡುಗೆ ಮನೆಯ ಹೊಸ್ತಿಲಲ್ಲಿ ಕುಳಿತು ಗಂಡಸರ ಸಾಲನ್ನೇ ನೋಡುತ್ತಿದ್ದರು. ಏಟಯ್ಯ ಮುದ್ದೆ ನುಂಗಲು ಬಾರದೆ ಒದ್ದಾಡುತ್ತಿದ್ದ. ಜಡೆಸ್ವಾಮಿ ಮಾತ್ರ ತಟ್ಟೆ ಮುಟ್ಟಲಿಲ್ಲ.

"ಮುದ್ದೆ ಆರೋಯ್ತದೆ ಉಣ್ಣಲಾ" ಎಂದರು ಪುಟ್ಟಬಸಮ್ಮ.

"ಒಟ್ಟೆ ಸರಿಯಿಲ್ಲತ್ತೆ. ಒಂಚೂರು ಅಂಬಲಿ ಇದ್ರೆ ಕೊಡಿ." ಅಂಬಲಿಯ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಒಂದೇ ಗುಟುಕಿಗೆ ಕುಡಿದ. ಇನ್ನೊಂದು ಬಟ್ಟಲು ಕೇಳಿ ಅದನ್ನೂ ಕುಡಿದ.

ಊಟವಾದ ಮೇಲೆ ನಂಜುಂಡಮ್ಮನವರು ಪುಟ್ಟಬಸಮ್ಮನನ್ನು ಕೇಳಿದರು: "ಸಬೇಲಿ ಪೆಟ್ಟಿಗೇನ ಎಲ್ಲಿಡ್ತೀರಿ? ಬರೀ ನೆಲದ ಮೇಲಾ?"

"ಅಯ್ಯೋ, ಅದೆಂಗಾದದವ್ವ! ನಾಕ್ ಜನಕ್ಕ ಒಳ್ಳೇ ಮಾತು ಏಳೋ ವಸ್ತು. ಕರೀ ಕಂಬ್ಳಿ ಗದ್ದಿಗೆ ಆಕೇ ಕೂರ್ಸದು. ದೀಪಾವಳಿಲಿ ಒಸ ಕಂಬ್ಳಿ ನೇಯಿಸ್ದಾಗಿಂದ ಅದ್ಯಾವತ್ತೂ ತಪ್ಪಿಲ್ಲ."

ನಂಜುಂಡಮ್ಮನವರು ನನ್ನ ಕಡೆ ತಿರುಗಿ ನೋಡಿದರು. ಅವರ ಕಣ್ಣಲ್ಲಿ ಏನೋ ಹೊಳೆಯಿತು. ಆದರೆ ಹಿತ್ತಲಿಗೆ ಕರೆದುಕೊಂಡು ಹೋಗಿ ನನ್ನ ಕಿವಿಯಲ್ಲಿ ಅಂದದ್ದು ಇಷ್ಟೇ: "ನಂಗೂ ಪೂರಾ ಖಾತ್ರಿ ಇಲ್ಲ ರಾಚಿ. ನಿನ್ ದೇವರ್ನ ಬೇಡ್ಕೊ."

ನಾಲ್ಕೂಕಾಲಿಗೆ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದರು. ಭಾನುವಾರ ಹೇಗಿತ್ತೋ ಹಾಗೆಯೇ ಕಂಬಳಿ ಮಡಿಸಿ ಹಾಸಿಸಿದರು. ಬಿಳಿಗಿರಿಯಿಂದ ಸತ್ತ ವಾಲ್ವು ತೆಗೆಸಿ, ಡಬ್ಬಿಯಲ್ಲಿದ್ದ ಅರೆಜೀವದ ವಾಲ್ವನ್ನು ಹಾಕಿಸಿ, ಮುಚ್ಚಳ ಮುಚ್ಚಿಸಿ, ಪೆಟ್ಟಿಗೆಯನ್ನು ಕಂಬಳಿಯ ಮೇಲೆ ಕೂರಿಸಿದರು.

"ಈಗ ಇದ್ರಲ್ಲಿ ಎರಡೂ ಉರಿಯೋ ಬುಡ್ಡಿ ಅವೆ. ಇದು ಮಾತಾಡ್ತಿರ್ಲಿ. ಮಾತು ನಿಲ್ಲಿಸ್ದೆ ಇರೋರು ಒಬ್ರು ಬೇಕಲ್ಲ?"

ಊರಿನವರೆಲ್ಲ ಒಟ್ಟಿಗೆ, "ಕುಳ್ಳಮ್ಮ!" ಅಂದರು.

ಕುಳ್ಳಮ್ಮ ಎಂಬ ಮುದುಕಿ ನಾಚಿಕೊಂಡು ಮೈಕಿನ ಮುಂದೆ ನಿಂತಳು. ಎರಡು ಮಾತಾಗುವ ತನಕ ನಾಚಿಕೆ, ಆಮೇಲೆ ಇಲ್ಲ. ಪಕ್ಕದ ಮನೆಯ ಮೇಕೆ ತನ್ನ ಅವರೆ ಬಳ್ಳಿ ತಿಂದದ್ದು, ಕೇಳಲು ಹೋದರೆ ಬೈದದ್ದು, ಆ ಮೇಕೆಯ ತಾಯಿಯೂ ಹಾಗೆಯೇ ಇದ್ದದ್ದು, ಎಲ್ಲ ಊರಾಚೆಯ ಹೊಲದ ತನಕ ಮೊಳಗಿತು.

ಕುಳ್ಳಮ್ಮನ ದನಿಯ ಮೇಲೆ ದನಿಯೆತ್ತಿ ನಂಜುಂಡಮ್ಮನವರು ಹೇಳಿದರು: "ಕಂದು ತಿರುಗಿರೋ ಇಬೂತಿ ಮೂರು ವಾರ ಬುಡ್ಡಿ ಬಿಸೀಲಿ ಬೆಂದಿರೋದು. ಬೆಳ್ಳಗಿರೋ ಇಬೂತಿ ಒಂದು ಗಳಿಗೇನೂ ಬೆಂದಿಲ್ಲ. ಬಿಳಿಗಿರಿ ಅಂಗಡೀಲಿ ಅದಲು ಬದಲು ಮಾಡಿದ್ರೆ, ಅಲ್ಲೂ ಬೆಂದಿರ್ಬೇಕು, ನೆನ್ನೆ ಸಬೇಲೂ ಬೆಂದಿರ್ಬೇಕು. ಆ ಸತ್ತ ಬುಡ್ಡಿ ಈ ಪೆಟ್ಟಿಗೇಲಿ ಉರಿದೇ ಇಲ್ಲ. ಸಬೆ ಮುಗುದ್ ಮೇಲೆ ಅದನ್ನ ಇಟ್ಟವ್ರೆ."

ಏಟಯ್ಯ ನಕ್ಕ. "ವಿಭೂತಿ ಸಾಕ್ಷಿ ಹೇಳಲ್ಲಮ್ಮಾ. ಸರಿ, ನೆನ್ನೆ ಎರಡೂ ಒಳ್ಳೇ ಬುಡ್ಡಿ ಇದ್ದದ್ದಾದ್ರೆ, ಪೆಟ್ಟಿಗೆ ನಿಂತದ್ದು ಯಾಕೆ? ಅದಕ್ಕೆ ಬದಿಲು ಹೇಳಿ."

"ಅದಕ್ಕೇ ಕಾಯ್ತಿರೋದು. ಒಳ್ಳೇ ಬುಡ್ಡಿ ಇದ್ರೂ ಇದು ಮೂಕಾಯ್ತದೆ."

"ಆಗದಿದ್ರೆ?"

"ಆಗದಿದ್ರೆ ನಿಮ್ಮ ಬಸ್ಸು."

ಕಾಯತೊಡಗಿದೆವು. ಏಟಯ್ಯನ ಕೈಗಡಿಯಾರವನ್ನೇ ನೋಡುತ್ತಿದ್ದೆ. ಹತ್ತು ನಿಮಿಷ. ಹದಿನೈದು. ಕುಳ್ಳಮ್ಮ ಮೇಕೆ ಬಿಟ್ಟು ಸೊಸೆಯ ಕಡೆ ತಿರುಗಿದ್ದಳು. ಬಿಳಿಗಿರಿಯ ಮುಖ ನೋಡಿದೆ. ಆರು ತಿಂಗಳಿಂದ ಈ ಪೆಟ್ಟಿಗೆ ನಿಲ್ಲದೆ ಮಾತಾಡಲೆಂದು ಹಂಬಲಿಸಿದವನು ಈಗ ಅದು ಮೂಕಾಗಲೆಂದು ತುಟಿ ಕಚ್ಚಿ ಕುಳಿತಿದ್ದ. ಇಪ್ಪತ್ತು ನಿಮಿಷವಾಯಿತು. ಪೆಟ್ಟಿಗೆ ಮಾತಾಡುತ್ತಲೇ ಇತ್ತು.

"ಇಪ್ಪತ್ತಾಯ್ತು ಕಣವ್ವ" ಎಂದ ಜಡೆಸ್ವಾಮಿ.

ಇಪ್ಪತ್ತೈದು. ಮೂವತ್ತು. ನನಗೆ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ನಂಜುಂಡಮ್ಮನವರ ಹಣೆಯ ಮೇಲೂ ಬೆವರು ಕಂಡೆ. ಮೂವತ್ತೈದನೆಯ ನಿಮಿಷಕ್ಕೆ ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಏಟಯ್ಯ ಟೋಪಿ ಹಾಕಿಕೊಂಡು ಎದ್ದ, ಬಿಳಿಗಿರಿಯ ರಟ್ಟೆಗೆ ಕೈ ಹಾಕಿದ.

"ನನ್ ಸೊಸೆ ಅನ್ನೋಳು ಒಂದ್ಸಲನಾದ್ರೂ..." ಎಂದಿತು ಪೆಟ್ಟಿಗೆ.

ಆಮೇಲೆ ಏನೂ ಇಲ್ಲ. ಕುಳ್ಳಮ್ಮನ ಬಾಯಿ ಆಡುತ್ತಿತ್ತು, ದನಿಯಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಮುದುಕಿ ಸುತ್ತ ನೋಡಿ, "ಇದಕ್ಕೂ ನನ್ ಮಾತು ಸಾಕಾಯ್ತಾ?" ಅಂದಳು.

ಬಿಳಿಗಿರಿ ಏಟಯ್ಯನ ಕೈ ಕೊಡವಿಕೊಂಡು ಪೆಟ್ಟಿಗೆಯ ಮೇಲೆ ಬಿದ್ದ. "ಯಾರೂ ಮುಟ್ಬೇಡಿ! ಬಿಸಿ ಇದ್ದಂಗೇ ನೋಡ್ಬೇಕು! ಇದು ಸತ್ತಿರಾಗ ನಾನು ಒಂದ್ಸಲನೂ ನೋಡಿಲ್ಲ!" ತನ್ನ ಟವಲನ್ನು ಕೈಗೆ ಸುತ್ತಿಕೊಂಡು ಮುಚ್ಚಳ ಬಿಚ್ಚಿ, ಮಗ್ಗುಲಿಗೆ ಹೊರಳಿಸಿ, ಒಂದು ಒಣ ಬಿದಿರು ಕಡ್ಡಿಯಿಂದ ಒಂದೊಂದೇ ಬೆಸುಗೆಯನ್ನು ಒತ್ತುತ್ತಾ ಹೋದ. ಒಂದು ಕಡೆ ಒತ್ತಿದಾಗ ಪೆಟ್ಟಿಗೆಗೆ ಜೋಡಿಸಿದ್ದ ಧ್ವನಿವರ್ಧಕ ಗುರ್ರೆಂದಿತು. ಬಿಟ್ಟ, ಸುಮ್ಮನಾಯಿತು. ಒತ್ತಿದ, ಗುರ್ರೆಂದಿತು.

"ಸಿಕ್ತು ಕಣಕ್ಕ! ಬೆಸುಗೆ ಸೀಳ್ಕೊಂಡದೆ. ಕೂದ್ಲೆಳೆಯಷ್ಟು. ಬಿಸಿಗೆ ಬಾಯಿ ಬುಡ್ತದೆ, ಆರುದ್ರೆ ಮುಚ್ಕೊಳ್ತದೆ."

"ಅಡೀಲಿ ತೂತು ಇರೋದು ಗಾಳಿ ಒಳಕ್ಕ ಓಗ್ಲಿ ಅಂತ" ಎಂದರು ನಂಜುಂಡಮ್ಮನವರು. "ಅಂಗಡೀಲಿ ಬರೀ ಹಲಗೆ ಮೇಲೆ ಕಾಲೂರಿ ಕೂರ್ತದೆ, ಉಸಿರಾಡ್ತದೆ. ಇಲ್ಲಿ ನೀವು ಮರ್ಯಾದೆ ಮಾಡಿ ಕಂಬ್ಳಿ ಮೇಲೆ ಕೂರ್ಸಿ ಮೂಗು ಮುಚ್ತಿದ್ರಿ. ತೂತೊಳಗಿನ ಕರೀ ಉಣ್ಣೆ ಎಲ್ಲಿಂದ ಬತ್ತು ಅಂತ ಯಾರೂ ಕೇಳ್ನಿಲ್ಲ. ಕಂಬ್ಳಿ ನೇಯಿಸಿದ್ದೂ ದೀಪಾವಳೀಲಿ, ಕಾಯಿಲೆ ಸುರುವಾದದ್ದೂ ದೀಪಾವಳೀಲಿ. ಇವತ್ತು ಅರೆಜೀವದ ಬುಡ್ಡಿ ಅಲ್ವಾ, ಬಿಸಿ ಏರೋದು ನಿಧಾನವಾಯ್ತು."

ಏಟಯ್ಯ ಟೋಪಿ ತೆಗೆದ. "ಹಾಗಾದ್ರೆ ಒಳ್ಳೇ ಬುಡ್ಡಿ ಎಲ್ಲಿ ಹೋಯ್ತು?"

"ಡಬ್ಬೀಲಿ ಎರಡು ಅಳೇ ಬುಡ್ಡಿ ಇದ್ದವು. ಒಂದು ಪೆಟ್ಟಿಗೆಗ ಓಯ್ತು. ತಕ್ಕೊಂಡೋರ್ಗ ಡಬ್ಬಿ ಇರೋ ಗೂಡು ಗೊತ್ತು, ಅತ್ತೆ ಇಬೂತಿ ಇಟ್ಟದ್ದೂ ಗೊತ್ತು. ಬೆಳ್ಳಗಿದ್ದ ಗೆರೇನ ಮೂಸಿ ನೋಡ್ದೆ. ಒಲೆ ಬೂದಿಯಲ್ಲ, ಪೂಜೆ ಗೂಡಿನ ಇಬೂತಿ. ಚಿಕ್ಕಬೀರಯ್ಯ ಆ ಗೂಡಿನ ಅತ್ರನೂ ಓಗಲ್ಲ. ಬಿಳಿಗಿರಿ ನೆನ್ನೆ ಊರಲ್ಲೇ ಇರ್ನಿಲ್ಲ. ಇದು ಮನೆಯೋರ ಕೆಲ್ಸ." ಅವರು ಗಂಡಸರ ಕಡೆ ತಿರುಗಿದರು. "ಉರಿಯೋ ಬುಡ್ಡೀನ ಗಾಬ್ರೀಲಿ ಬರಿಗೈಲಿ ಕಿತ್ರೆ ಬೆರಳು ಬೇಯ್ತದೆ. ಬೆಂದ ಬೆರಳಲ್ಲಿ ಬಿಸಿ ಮುದ್ದೆ ಮುರಿಯಕ್ಕಾಗಲ್ಲ. ಒಟ್ಟೆ ಸರಿಯಿಲ್ದೋರು ಎರಡು ಬಟ್ಲು ಅಂಬಲಿ ಕುಡಿಯಲ್ಲ ಕಣಪ್ಪ ಜಡೆಸ್ವಾಮಿ. ಟವಲು ಬಿಚ್ಚು."

ಅವನು ಮಿಸುಕಲಿಲ್ಲ. ಸಿದ್ದಮಲ್ಲಪ್ಪನವರೇ ಬಂದು ಟವಲು ಬಿಚ್ಚಿದರು. ಬಲಗೈಯ ಮೂರು ಬೆರಳಿನ ತುದಿಗಳು ಬೊಬ್ಬೆಯೆದ್ದಿದ್ದವು.

"ಏನ್ಲಾ ಇದು?"

"ಕಿತ್ತಾಗ ಬುಡ್ಡಿ ಕಲ್ ಮೇಲೆ ಬಿದ್ದು ಒಡ್ದೋಯ್ತು ಮಾವ" ಎಂದ ಜಡೆಸ್ವಾಮಿ. "ಸಾಲೆ ಇಂದ್ಗಡೆ ಬೇಲೀಲಿ ಚೂರು ಊತಾಕಿವ್ನಿ. ನೀವು ಇನ್‌ಸ್ಪೆಕ್ಟ್ರ ಮುಂದೆ ನನ್ನ ನೋಡುದ್ ನೋಟ... ಎದ್ರಿಕೆ ಆಗಿ ಅಳೇ ಬುಡ್ಡಿಗೆ ಇಬೂತಿ ಬಳ್ದು ಸಿಗಿಸ್ಬುಟ್ಟೆ. ಆಮೇಲೆ ಎಲ್ರೂ ಬಿಳಿಗಿರಿ ಅಂದ್ರು. ನಾನೂ ಅಂದ್ಬುಟ್ಟೆ."

ಆಲದ ಮರದ ಹತ್ತಿರ ಬಸ್ಸು ಎರಡು ಸಲ ಹಾರನ್ ಮಾಡಿ, ಕಾದು, ಹೊರಟುಹೋಯಿತು. ಏಟಯ್ಯ ಅದನ್ನು ನೋಡಿ, ಬರೆದ ಕಾಗದವನ್ನು ನಾಲ್ಕಾಗಿ ಹರಿದು, "ನನಗೆ ಇವತ್ತು ಮತ್ತೆ ಮುದ್ದೆಯೇ ಗತಿ" ಅಂದ.

ಸಿದ್ದಮಲ್ಲಪ್ಪನವರು ಪೆಟ್ಟಿಗೆಯನ್ನು ತಾವೇ ಎತ್ತಿ ಬರಿಗಲ್ಲಿನ ಮೇಲಿಟ್ಟರು. ಕಂಬಳಿ ಕೊಡವಿ ಮಡಿಸಿ ಜಗಲಿಯ ಮೇಲೆ ಹಾಸಿದರು. "ಕುಂತ್ಕೊ ಬಾ ಬಿಳಿಗಿರಿ. ಬೆಳ್ಗಿಂದ ನೆಲದ ಮ್ಯಾಲೆ ಕೂರ್ಸ್ಬುಟ್ಟೆ."

ನನ್ನ ತಮ್ಮ ಕಂಬಳಿಯನ್ನು ನೋಡಿದ, ಅವರನ್ನು ನೋಡಿದ. "ಬ್ಯಾಡಿ ಯಜಮಾನ್ರೆ. ನಂಗೂ ಕೆಳಗಿಂದ ಒಂಚೂರು ಗಾಳಿ ಆಡ್ಲಿ."

ಅಂಗಳವೆಲ್ಲ ನಕ್ಕಿತು. ಸಿದ್ದಮಲ್ಲಪ್ಪನವರು ನಗಲಾರದೆ ಕಣ್ಣೊರೆಸಿಕೊಂಡರು. ಬಿಳಿಗಿರಿ ತನ್ನ ಬೆಸುಗೆ ಕಡ್ಡಿಯನ್ನು ಒಲೆಯ ಕೆಂಡದಲ್ಲಿ ಕಾಯಿಸಿ ತಂದ. ಜಡೆಸ್ವಾಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಎಡಗೈಲಿ ದೀಪ ಇಡ್ಕೊ. ಬಿಸಿ ಬುಡ್ಡಿ ಮುಟ್ಟಾಗ ಬಟ್ಟೆ ಇರ್ಬೇಕು ಕಣ, ಏಟ್ ಸಲ ಏಳಿವ್ನಿ" ಅಂದ. ಬೆಸುಗೆ ಒಂದೇ ಸಲಕ್ಕೆ ಕೂತಿತು.

"ಅಕ್ಕ, ಏನಾರ ಮಾತಾಡು. ನೋಡವ."

ಮೈಕನ್ನು ನನ್ನ ಮುಂದೆ ಹಿಡಿದ. ಪಣಕಹಳ್ಳಿಗೆ ಬಂದಾಗಿನಿಂದ ನಾನು ಒಂದು ಮಾತೂ ಆಡಿರಲಿಲ್ಲ. ಬಂದದ್ದು ಇಷ್ಟೇ:

"ಬಿಳಿಗಿರಿ, ಮನೆಗ ಓಗವ ಬಾ ಕಣ್ಲಾ."

ನನ್ನ ದನಿ ಮನೆಗಳ ಮೇಲೆ, ಹೊಲಗಳ ಮೇಲೆ ಹಾದು ಎದುರಿನ ಗುಡ್ಡಕ್ಕೆ ಬಡಿದು ಮತ್ತೆ ನಮ್ಮ ಕಡೆಗೇ ಬಂತು.